ಜೂನ್ ಒಂದನೇ ತಾರೀಖು

ಬ್ರಾಹ್ಮಿ ಮಗದುಮ್ಮ ಜೋರು ಗಂಟಲಿನ ವಕೀಲೆ ಎಂದು ಚಿಕ್ಕೋಡಿ ಕೋರ್ಟಿನಲ್ಲಿ ಹೆಸರು. ಬೋರಗಾಂವದಲ್ಲಿ ಅವಳು ಹುಟ್ಟಿದ ಮನೆಯ ಅಡುಗೆಕೋಣೆಗೂ ಪಾವರ್‌ಲೂಮುಗಳಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಖಟಖಟದ ಮೇಲೆ ಅಪ್ಪನಿಗೆ ಕೇಳಬೇಕೆಂದರೆ ಕೂಗಲೇಬೇಕಿತ್ತು. ವಕೀಲಿಕೆಗೆ ಬಂದು ಇಪ್ಪತ್ತು ವರ್ಷವಾದರೂ ಆ ಗಂಟಲು ಇಳಿಯಲಿಲ್ಲ. 'ಸಾವಕಾಶ ಮೇಡಂ, ನಮಗೆ ಕೇಳಿಸುತ್ತದೆ' ಎಂದು ನ್ಯಾಯಾಧೀಶರು ಹೇಳುವುದು, ಅವಳು ನಾಲಿಗೆ ಕಚ್ಚಿಕೊಳ್ಳುವುದು ವಾರಕ್ಕೊಮ್ಮೆಯಾದರೂ ನಡೆಯುತ್ತಿತ್ತು. ಮದುವೆಯಾಗಿರಲಿಲ್ಲ. ತಾಯಿ ಮಂಗಲ ಜೊತೆಗಿದ್ದಳು. ಬೆಳಿಗ್ಗೆ ಬಸದಿ, ಹತ್ತೂವರೆಗೆ ಕೋರ್ಟು, ಹೊತ್ತು ಮುಳುಗುವುದರೊಳಗೆ ಊಟ. ಅವಳ ಕೈಯಲ್ಲಿದ್ದ ಕೇಸುಗಳೂ ಅಂಥವೇ: ಅಣ್ಣತಮ್ಮಂದಿರ ಪಾಲಿನ ದಾವೆ, ಜೀವನಾಂಶದ ಅರ್ಜಿ, ಕಬ್ಬಿನ ಟ್ರ್ಯಾಕ್ಟರ್ ಬಡಿದು ಸತ್ತವರ ಪರಿಹಾರ. ಕೊಲೆ ಕೇಸು ಮೂರೋ ನಾಲ್ಕೋ, ಅವೂ ಹಿರಿಯರ ಹಿಂದೆ ನಿಂತು ನಡೆಸಿದವು.

2023ರ ಮಳೆಗಾಲದಲ್ಲಿ ಮಾಳೇಶನ ಕೇಸು ಬಂತು.

ಮಾಳೇಶ ಪೂಜೇರಿ ರಾಯಬಾಗ ತಾಲೂಕಿನ ಪಾಲಬಾವಿಯ ಕುರುಬರ ಹುಡುಗ. ಆ ವರ್ಷ ಬೇಸಿಗೆಯ ಕೊನೆಗೆ ಅವನ ಕುರಿಗಳು ಬಸವಂತ ಎಂಬ ರೈತನ ಹೊಲದಲ್ಲಿ ಗೊಬ್ಬರಕ್ಕೆಂದು ತಂಗಿದ್ದವು. ಜೂನ್ ಹತ್ತರಂದು ನಾಲ್ಕು ಕುರಿ ತಪ್ಪಿಸಿಕೊಂಡು ಎಳೆ ಕಬ್ಬಿಗೆ ಬಾಯಿ ಹಾಕಿದವು. ಬಸವಂತನೂ ಅವನ ತಂದೆ ವಿಠೋಬಾನೂ ಹುಡುಗನನ್ನು ಹಿಡಿದು ಬೇವಿನ ಮರಕ್ಕೆ ಕಟ್ಟಿದರು. ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೆ, ಕಳೆ ತೆಗೆಯುವ ಹೆಣ್ಣುಮಕ್ಕಳು ನೋಡುತ್ತಿದ್ದಂತೆ, ಅವನು ಕಟ್ಟಿಸಿಕೊಂಡೇ ನಿಂತಿದ್ದ. ಮರುದಿನ ಬೆಳಿಗ್ಗೆ ಬಸವಂತ ಬೀಜ ತರಲು ಪೇಟೆಗೆ ಹೋಗಿದ್ದಾಗ, ಮಾಳೇಶ ಕೊಡಲಿ ಹಿಡಿದು ತೋಟದ ಮನೆಗೆ ಬಂದ. ವಿಠೋಬಾ ಸತ್ತ. ಅಡ್ಡ ಬಂದ ಬಸವಂತನ ಹೆಂಡತಿ ರಾಜೇಶ್ವರಿ ಸತ್ತಳು. ಆರು ವರ್ಷದ ಮಗಳು ಕಾಜಲಳೂ ಸತ್ತಳು. ಪೊಲೀಸರು ಬಂದಾಗ ಅವನು ಕಾಲುವೆಯ ದಂಡೆಯಲ್ಲಿ ಕೂತಿದ್ದ. ಓಡಿರಲಿಲ್ಲ, ಕೊಡಲಿಯನ್ನೂ ತೊಳೆದಿರಲಿಲ್ಲ.

ಅವನ ಪರ ನಿಲ್ಲಲು ಯಾರೂ ಮುಂದೆ ಬರಲಿಲ್ಲ. ಬಡವರಿಗೆ ಸರಕಾರದಿಂದ ವಕೀಲರನ್ನು ಕೊಡುವ ಪಟ್ಟಿಯಲ್ಲಿ ಬ್ರಾಹ್ಮಿಯ ಹೆಸರಿತ್ತು. ನೇಮಕದ ಕಾಗದ ಅವಳ ಮೇಜಿಗೆ ಬಂತು. ಬೇಡವೆನ್ನಬಹುದಿತ್ತು. ಎರಡು ದಿನ ಅದನ್ನು ಚೀಲದಲ್ಲಿಟ್ಟುಕೊಂಡು ತಿರುಗಿ, ಮೂರನೆಯ ದಿನ ತಾಯಿಗೆ ಹೇಳಿದಳು.

ಮಂಗಲ ಅಕ್ಕಿ ಆರಿಸುತ್ತಿದ್ದಳು. "ಹಿಂಸಾ ಮಾಡಿದಾವನ ಹಿಂದ ನಿಂತ್ರೂ ಪಾಪ, ಅವನ ಜೀವಾ ಹೋಗೂದ ನೋಡ್ಕೋತ ಕುಂತ್ರೂ ಪಾಪ," ಎಂದಳು. "ನಿನ್ನ ಪಾಲಿಗೆ ಎರಡೂ ಬಂದಾವ ನೋಡು. ಯಾವುದು ಹೊರತಿ?"

ಬ್ರಾಹ್ಮಿ ವಕಾಲತ್ತಿಗೆ ಸಹಿ ಹಾಕಿದಳು.

ಮೊದಲ ಭೇಟಿಯಲ್ಲಿ ಅವನು ತಲೆ ಎತ್ತಲಿಲ್ಲ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ವಯಸ್ಸು ಕೇಳಿದಳು. "ಹದಿನೆಂಟೋ ಹತ್ತೊಂಬತ್ತೋ ಇರಬೇಕ್ರಿ," ಎಂದ. ಆಧಾರ್ ಕಾರ್ಡಿನಲ್ಲಿ 2005ರ ಜನವರಿ ಒಂದು ಎಂದಿತ್ತು. ಹುಟ್ಟಿದ ದಿನ ಗೊತ್ತಿಲ್ಲದವರ ಕಾರ್ಡಿನಲ್ಲೆಲ್ಲ ಅದೇ ಜನವರಿ ಒಂದು ಇರುತ್ತದೆ. ದಿನಕ್ಕೆ ಹತ್ತು ಕಾರ್ಡು ನೋಡುವ ಅವಳಿಗೆ ಅದು ಗೊತ್ತಿರದ ಸಂಗತಿಯಲ್ಲ. ಆದರೂ ತನ್ನ ಹಾಳೆಯಲ್ಲಿ 'ಹದಿನೆಂಟು' ಎಂದು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದಳು.

ವಿಚಾರಣೆ ಒಂದೂವರೆ ವರ್ಷ ನಡೆಯಿತು. ಅವನು ಮಾಡಿದ್ದನ್ನು ಮಾಡಿಲ್ಲವೆಂದು ಸಾಧಿಸುವ ದಾರಿ ಇರಲಿಲ್ಲ. 2025ರ ಫೆಬ್ರುವರಿಯಲ್ಲಿ, ಒಂದು ಬೆಳಿಗ್ಗೆ, ಅವನು ಅಪರಾಧಿ ಎಂದು ತೀರ್ಪಾಯಿತು. ಶಿಕ್ಷೆಯ ಮೇಲೆ ವಾದ ಮಧ್ಯಾಹ್ನವೇ. ವಾರದ ಅವಕಾಶ ಕೇಳಬೇಕಿತ್ತು. ಅವಳಿಗೆ ಹೊಳೆಯಲಿಲ್ಲ. ನಡುವಿನ ಒಂದು ತಾಸಿನಲ್ಲಿ ಅವಳು ಊಟದ ಡಬ್ಬಿ ತೆರೆಯದೆ ಹಾಳೆಯ ಮೇಲೆ ಮೂರು ಸಾಲು ಬರೆದಳು: ವಯಸ್ಸು ಚಿಕ್ಕದು, ಬಡವ, ಮುದಿ ತಾಯಿ ಇದ್ದಾಳೆ. ಎರಡು ಗಂಟೆಗೆ ಎದ್ದು ನಿಂತು ಆ ಮೂರು ಸಾಲು ಹೇಳಿದಳು. ಆ ದಿನ ಯಾರೂ 'ಸಾವಕಾಶ' ಎನ್ನಲಿಲ್ಲ. ಅವಳ ದನಿ ಅವಳಿಗೇ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಗಲ್ಲು.

ಹೊರಗೆ ಪಟಾಕಿ ಹಾರಿಸಿದರು. ಬ್ರಾಹ್ಮಿ ಸ್ಕೂಟಿಯ ಹತ್ತಿರ ಬಂದಾಗ ಬಸವಂತ ಅಲ್ಲಿ ಒಬ್ಬನೇ ನಿಂತಿದ್ದ. ಪಟಾಕಿ ಹಚ್ಚಿದವರ ಜೊತೆ ಅವನಿರಲಿಲ್ಲ.

"ನೀವು ಜೈನರ ಪೈಕಿ ಅಂತ ಗೊತ್ತೈತ್ರಿ, ಬಾಯಾರ. ಇರಿವಿ ಸೈತ ತುಳಿಯೂದಿಲ್ಲ ನೀವು," ಎಂದ. "ನನ್ನ ಮಗಳು ಇರಿವಿಗಿಂತ ಕಡಿಮಿ ಆದ್ಲೇನ್ರಿ ನಿಮಗ?"

ಅವನೇ ಮುಂದುವರಿದ, ಈಗ ಅವಳಿಗಲ್ಲ, ತನಗೇ ಹೇಳಿಕೊಂಡಂತೆ: "ಗಿಡಕ್ಕ ಕಟ್ಟಿದಾವ ನಾನ್ರಿ. ಹಗ್ಗ ತಂದಾವ ನಾನು. ನನ್ನ ಕಡಿಬೇಕಿತ್ತಲ್ರಿ ಅವ. ಕೂಸು ಏನ ಮಾಡಿತ್ತು?"

ಅವನು ಹೋದ ಮೇಲೂ ಬಹಳ ಹೊತ್ತು ಅವಳಿಗೆ ಸ್ಕೂಟಿಯ ಕೀಲಿ ತಿರುಗಿಸಲಾಗಲಿಲ್ಲ.

ಮೂರು ದಿನದ ಮೇಲೆ ಮಾಳೇಶನ ತಾಯಿ ಮಲಕವ್ವ ಮನೆಗೆ ಬಂದಳು. ಪಾಲಬಾವಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಒಳಗೆ ಬರಲೊಲ್ಲೆನೆಂದು ಕಟ್ಟೆಯ ಮೇಲೇ ಕೂತಳು. ಗಲ್ಲು ಎಂದರೆ ಯಾವಾಗ, ಹೆಣ ಮನೆಗೆ ಕೊಡುತ್ತಾರೋ ಇಲ್ಲವೋ ಎಂದು ಕೇಳಿದಳು. ಇನ್ನೂ ಹೈಕೋರ್ಟು ಇದೆ, ಅದರ ಮೇಲೆ ದಿಲ್ಲಿ ಇದೆ ಎಂದು ಬ್ರಾಹ್ಮಿ ಬಿಡಿಸಿ ಹೇಳಿದಳು. ಮುದುಕಿ ತಲೆಯಾಡಿಸಿದಳು. ಏಳುವಾಗ, ಹೋಗುವ ಮಾತೆಂಬಂತೆ ಅಂದಳು:

"ಹದಿನೆಂಟ ತುಂಬಿರಲಿಲ್ರಿ ಅವಗ. ತುಂಬಿತ್ತಂದ್ರ ಬುದ್ಧಿ ಬರತಿತ್ತು."

"ಏನಂದಿ?"

"ದೊಡ್ಡ ಹೊಳಿ ಬಂದ ವರ್ಷ ಹುಟ್ಯಾನ್ರಿ. ನೀರು ಇಳದ ಮ್ಯಾಲೆ, ಗಣಪತಿ ಕುಂಡ್ರಿಸೂ ಹಿಂದಿನ ದಿನ. ಮಂಗಸೂಳಿ ದಿಬ್ಬದ ಮ್ಯಾಲ ನಮ್ಮ ಕುರಿ ಇದ್ದೂ."

ಕೃಷ್ಣೆ ಊರೂರನ್ನೇ ನುಂಗಿದ ಆ ನೆರೆ ಬಂದದ್ದು 2005ರ ಜುಲೈ, ಆಗಸ್ಟಿನಲ್ಲಿ. ಗಣೇಶ ಚೌತಿ ಸೆಪ್ಟೆಂಬರ್ ಏಳಕ್ಕೆ. ಬ್ರಾಹ್ಮಿ ಬೆರಳು ಮಡಚಿ ಎಣಿಸಿದಳು. ಕೊಡಲಿ ಎತ್ತಿದ ದಿನ ಮಾಳೇಶನಿಗೆ ಹದಿನೇಳು ವರ್ಷ ಒಂಬತ್ತು ತಿಂಗಳು. ಹದಿನೆಂಟು ತುಂಬದವರನ್ನು ಈ ದೇಶದಲ್ಲಿ ಗಲ್ಲಿಗೆ ಹಾಕುವಂತಿಲ್ಲ.

"ಇಷ್ಟ ದಿನ ಯಾಕ ಹೇಳಲಿಲ್ಲವ್ವಾ?" ಅವಳು ಕಿರುಚಿಯೇಬಿಟ್ಟಳು.

ಮಲಕವ್ವ ಬೆದರಿದಳು. "ನೀವು ಕೇಳಲಿಲ್ಲಲ್ರಿ," ಎಂದಳು.

ನಿಜ. ಒಂದೂವರೆ ವರ್ಷದಲ್ಲಿ ಎಂಟು ಸಲ ಈ ಹೆಂಗಸು ಕೋರ್ಟಿನ ಮರದ ಕೆಳಗೆ ಕೂತು ಹೋಗಿದ್ದಳು. ಬ್ರಾಹ್ಮಿ ಅವಳಿಗೆ ಚಹಾ ಕೊಡಿಸಿದ್ದಳು. ಮಗ ಯಾವಾಗ ಹುಟ್ಟಿದ ಎಂದು ಒಮ್ಮೆಯೂ ಕೇಳಿರಲಿಲ್ಲ.

ಹೈಕೋರ್ಟಿನ ಕೆಲಸವನ್ನು ಧಾರವಾಡದ ಮುರಗೆಪ್ಪ ಹೊತ್ತರು. ಎಪ್ಪತ್ತು ದಾಟಿದ ವಕೀಲರು. ಮೂವತ್ತು ವರ್ಷಗಳಿಂದ ಗಲ್ಲಿನ ಕೇಸುಗಳನ್ನೇ ನಡೆಸುತ್ತ ಬಂದವರು. ಬ್ರಾಹ್ಮಿ ಅವರ ಎದುರು ಕೂತು ತನ್ನ ತಪ್ಪನ್ನು ಮೊದಲಿಗೇ ಹೇಳಿಕೊಂಡಳು. ಮುರಗೆಪ್ಪ ಸಮಾಧಾನವನ್ನೂ ಹೇಳಲಿಲ್ಲ, ಬೈಯಲೂ ಇಲ್ಲ. "ಅವ ಒಳ್ಳ್ಯಾಂವ ಅಂತ ಸಾಧಿಸೂದು ನಮ್ಮ ಕೆಲಸ ಅಲ್ಲವ್ವಾ," ಎಂದರು. "ಜೀವಂತ ಇರಲಿ ಅನ್ನೂದಷ್ಟ. ಅಷ್ಟಕ್ಕ ಎಷ್ಟು ಮಂದೀನ ತಿರುಗಿ ಮಾತಾಡಸಬೇಕೋ ಮಾತಾಡಸು. ಈಗ ಹೊಂಡು."

ಹೊರಟಳು. ಅವರ ಅರ್ಜಿಯ ಮೇಲೆ ಹೈಕೋರ್ಟು ಮಾಳೇಶನ ವಯಸ್ಸಿನ ಬಗ್ಗೆ ಕೆಳಗಿನ ಕೋರ್ಟಿನಲ್ಲಿ ವಿಚಾರಣೆ ನಡೆಸಿ ವರದಿ ಕೊಡಲು ಹೇಳಿತು. ಸಾಕ್ಷಿ ಹುಡುಕುವ ಕೆಲಸ ಬ್ರಾಹ್ಮಿಯದು. ಮಲಕವ್ವನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಮಂಗಸೂಳಿಯ ಸುತ್ತ ಮೂರು ದಿನ ತಿರುಗಿದಳು. ಮಲ್ಲಯ್ಯನ ಗುಡಿಯ ಆಚೆ, ದಿಬ್ಬದ ಕೆಳಗಿನ ಒಂದು ತೋಟದ ಮನೆಯಲ್ಲಿ ಸಾವಿತ್ರೆವ್ವ ಸಿಕ್ಕಳು. ನೆರೆಯ ವರ್ಷ ಕುರುಬರ ಬೀಡು ಇದ್ದದ್ದು ಅವಳ ಹೊಲದಲ್ಲಿಯೇ. ಕುರಿಗಳ ನಡುವೆ, ತಾಡಪತ್ರಿಯ ಕೆಳಗೆ ಮಲಕವ್ವ ಹೆತ್ತಾಗ ಹೊಕ್ಕಳಬಳ್ಳಿ ಕೊಯ್ದದ್ದು ಸಾವಿತ್ರೆವ್ವ. ಆಗ ಅವಳಿಗೂ ದಿನ ತುಂಬಿತ್ತು. ಹದಿಮೂರು ದಿನಕ್ಕೆ ಅವಳ ಮಗಳು ಭಾಗ್ಯಾ ಅಥಣಿಯ ಆಸ್ಪತ್ರೆಯಲ್ಲಿ ಹುಟ್ಟಿದಳು. ಅವಳ ಜನನ ಪತ್ರ ಟ್ರಂಕಿನಲ್ಲಿತ್ತು: 19 ಸೆಪ್ಟೆಂಬರ್ 2005. ಆ ಕಾಗದ ಹಿಡಿದಾಗ ಬ್ರಾಹ್ಮಿಗೆ ಅಳು ಬಂತು.

ಹಿಂಡಲಗಾ ಜೈಲಿಗೆ ಹೋಗಿ ಮಾಳೇಶನಿಗೆ ಇದನ್ನು ತಿಳಿಸಿದಳು. ವಯಸ್ಸಿನ ಲೆಕ್ಕ ಅವನಿಗೆ ಅಷ್ಟಾಗಿ ಹತ್ತಲಿಲ್ಲ. ಆದರೆ ಬೇರೆ ಯಾವ ಕಾಗದವೂ ಇಲ್ಲವೇ, ಶಾಲೆಗೆ ಹೋಗಿಲ್ಲವೇ ಎಂದಾಗ ಮೊದಲ ಬಾರಿಗೆ ಅವನ ಮುಖ ಅರಳಿತು.

"ಹೋಗೀನ್ರಿ! ಮೀರಜದ ಆಚೀಕ ಒಂದ ಮಳಿಗಾಲ ಕುರಿ ನಿಂತಿದ್ದೂ. ಸಣ್ಣಾವ ಇದ್ನಿ. ಮಾಸ್ತರ ಬಂದು ಕರಕೊಂಡ ಹೋದ್ರು. ಮರಾಠಿ ಸಾಲಿ. ನನ್ನ ಹೆಸರ ಬರೀತೀನ್ರಿ ನಾ, ಮರಾಠಿ ಒಳಗ."

ಅವಳು ಪೆನ್ನು ಕೊಟ್ಟಳು. ಅವನು ಅಂಗೈಯಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದ. 'ಳೇ' ತಪ್ಪಾಗಿತ್ತು.

"ಪುಸ್ತಕದಾಗ ನನ್ನ ಹೆಸರ ಇನ್ನೂ ಇರತೈತೇನ್ರಿ, ಬಾಯಾರ?"

"ಇರತೈತಿ," ಎಂದಳು. "ಇರಲೇಬೇಕು."

ಇತ್ತು. ಕಾಗವಾಡ ದಾಟಿ, ಗಡಿ ದಾಟಿ, ಎರಡು ಹಳ್ಳಿ ವಿಚಾರಿಸಿ ಆ ಶಾಲೆ ಹುಡುಕಿದಳು. ಅಲ್ಲಿನ ಶಿಕ್ಷಕಿ ಧೂಳು ಕೊಡವಿ 2011ರ ದಾಖಲಾತಿ ಪುಸ್ತಕ ತೆಗೆದುಕೊಟ್ಟಳು. ಬ್ರಾಹ್ಮಿ ಮಾಳೇಶನ ಹೆಸರಿನ ಮೇಲೆ ಬೆರಳಿಟ್ಟು ಅಡ್ಡಸಾಲಿನಲ್ಲಿ ಸರಿಸಿದಳು. ಹುಟ್ಟಿದ ತಾರೀಖಿನ ಅಂಕಣದಲ್ಲಿ 1 ಜೂನ್ 2005 ಎಂದಿತ್ತು.

ಕೊಲೆ ನಡೆದದ್ದು 2023ರ ಜೂನ್ 11. ಹದಿನೆಂಟು ವರ್ಷ, ಹತ್ತು ದಿನ.

ಅವಳು ಮೇಲೆ ಕೆಳಗೆ ನೋಡಿದಳು. ಆ ಪುಟದಲ್ಲಿ ಇಪ್ಪತ್ತೆರಡು ಮಕ್ಕಳಿದ್ದರು. ಹತ್ತೊಂಬತ್ತು ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದ್ದರು.

ಬರೆದವರು ಕಾಕಾಸಾಹೇಬ ಮಾಸ್ತರು. ನಿವೃತ್ತರಾಗಿ ಕಾಗವಾಡದಲ್ಲಿ ಮಗನ ಜೊತೆ ಇದ್ದರು. ಅವಳು ನೇರ ಅಲ್ಲಿಗೆ ಹೋದಳು. ಮಾಸ್ತರರು ನಕ್ಕರು. "ಸಾಲಿ ಚಾಲೂ ಆಗೂದು ಜೂನಕ್ಕ. ಆರು ತುಂಬಿರಬೇಕು ಅಂತ ನಿಯಮ. ಕುರುಬರ ಪೋರಗಳ ಜನ್ಮತಾರೀಖ ಕುಣಾಲಾ ಮಾಹೀತ, ಯಾರಿಗೆ ಗೊತ್ತು? ಎಲ್ಲಾರಿಗೂ ಏಕ ಜೂನ. ಆವಾಗ ಎಲ್ಲಾ ಮಾಸ್ತರೂ ಹಂಗ ಬರೀತಿದ್ರು, ತಾಯಿ. ಪೋರಗ ಅಕ್ಷರ ಬರಲಿ ಅಂತ ಬರದಿದ್ದು, ಒಬ್ಬರ ಕೆಟ್ಟದ್ದಕ್ಕಲ್ಲ."

"ಇದನ್ನ ಕೋರ್ಟಿನಾಗ ಹೇಳ್ತೀರೇನ್ರಿ, ಸರ? ಒಂದು ಜೀವದ ಪ್ರಶ್ನೆ ಐತ್ರಿ."

"ಖರೇ ಹೇಳಾಕ ಯಾರ ಅಂಜಿಕಿ?" ಎಂದರು ಕಾಕಾಸಾಹೇಬರು. "ಬರ್ತೀನಿ."

ಆ ಸಂಜೆ ಮುರಗೆಪ್ಪನವರಿಗೆ ಫೋನು ಮಾಡಿದಳು. ಶಾಲೆಯ ದಾಖಲೆ ಇದ್ದರೆ ಕಾನೂನು ಅದನ್ನೇ ಮೊದಲು ನಂಬುತ್ತದೆ. ಅದು ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ, ಬಾಯಿಮಾತಿನ ಸಾಕ್ಷಿ. ಈವರೆಗೆ ಆ ಪುಸ್ತಕದ ಸುದ್ದಿ ಎದುರು ಪಕ್ಷಕ್ಕೆ ಗೊತ್ತಿರಲಿಲ್ಲ. ಆದರೆ 'ಆರೋಪಿಯ ಬೇರೆ ಯಾವ ದಾಖಲೆಯೂ ಸಿಕ್ಕಿಲ್ಲ' ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾದವಳು ಬ್ರಾಹ್ಮಿಯೇ.

"ಕಂಡಿದ್ದನ್ನ ಕಂಡಿಲ್ಲ ಅಂತ ಬರದು ಕೊಡು ಅಂತ ನಾ ಹೇಳಾಂಗಿಲ್ಲ," ಎಂದರು ಮುರಗೆಪ್ಪ. "ಬ್ಯಾಡ ಅಂತನೂ ಹೇಳಾಂಗಿಲ್ಲ. ಆ ಮಾಸ್ತರ ನಿಲ್ತಾನೇನು?"

"ನಿಲ್ತಾರ್ರಿ."

ಅವಳು ಪುಸ್ತಕವನ್ನು ಕೋರ್ಟಿಗೆ ತರಿಸಿದಳು. ಸುಳ್ಳು ಪ್ರಮಾಣ ಮಾಡಲು ಮನಸ್ಸು ಒಪ್ಪಲಿಲ್ಲವೆಂಬುದು ಒಂದು ಕಾರಣ. ಆ ಹತ್ತೊಂಬತ್ತು ಜೂನ್ ಒಂದುಗಳನ್ನು ಕಣ್ಣಾರೆ ಕಂಡ ಮೇಲೆ ಯಾವ ನ್ಯಾಯಾಧೀಶರೂ ಆ ತಾರೀಖನ್ನು ನಂಬಲಾರರು ಎಂಬ ಭರವಸೆ ಇನ್ನೊಂದು. ಅದಕ್ಕಿಂತ ಹೆಚ್ಚಾಗಿ ಮಾಸ್ತರರ ನಗುವನ್ನು ಅವಳು ನಂಬಿದ್ದಳು.

ಸಾಕ್ಷಿಯ ದಿನ ಸಾವಿತ್ರೆವ್ವ ಮೊದಲು ಬಂದಳು. ಸರಕಾರಿ ವಕೀಲರು, ಹೆರಿಗೆಗೆ ಏನಾದರೂ ಕಾಗದವಿದೆಯೇ ಎಂದರು. "ಹೊಕ್ಕಳ ಕೊಯ್ಯಾಕ ಕಾಗದ ಬೇಕೇನ್ರಿ? ಕುಡಗೋಲ ಸಾಕು," ಎಂದಳು ಸಾವಿತ್ರೆವ್ವ. ಜನ ನಕ್ಕರು. ಬ್ರಾಹ್ಮಿಗೆ ಆ ದಿನ ಗೆಲ್ಲುತ್ತೇವೆ ಅನ್ನಿಸಿತು.

ಮಧ್ಯಾಹ್ನ ಕಾಕಾಸಾಹೇಬರು ಕಟಕಟೆ ಹತ್ತಿದರು. ಇಸ್ತ್ರಿ ಮಾಡಿದ ಬಿಳಿ ಟೊಪ್ಪಿಗೆ, ಜೊತೆಗೆ ಮಗ. ಎಲ್ಲರಿಗೂ ಜೂನ್ ಒಂದು ಬರೆಯುವ ರೂಢಿ ಇತ್ತೇ ಎಂದು ಬ್ರಾಹ್ಮಿ ಕೇಳಿದಳು. "ಇತ್ತು... ಕೆಲವರಿಗೆ," ಎಂದರು.

ಸರಕಾರಿ ವಕೀಲರು ಎದ್ದರು. ದನಿ ಏರಿಸಲಿಲ್ಲ. "ಮಾಸ್ತರ, ನೀವು ಎಷ್ಟು ವರ್ಷ ಸರಕಾರಿ ನೌಕರಿ ಮಾಡಿದ್ರಿ?"

"ಮೂವತ್ನಾಲ್ಕು."

"ಮೂವತ್ನಾಲ್ಕು ವರ್ಷ ಸರಕಾರಿ ಪುಸ್ತಕದಾಗ ಸುಳ್ಳು ಬರದೀನಿ ಅಂತ ಈಗ ಪ್ರಮಾಣ ಮಾಡಿ ಹೇಳಾಕತ್ತೀರಿ. ಹೌದಿಲ್ರಿ?"

ಕಾಕಾಸಾಹೇಬರು ಮಗನತ್ತ ನೋಡಿದರು. ಮಗ ನೆಲ ನೋಡುತ್ತಿದ್ದ.

"ಸುಳ್ಳ ಬರದಿಲ್ರಿ," ಎಂದರು. "ಪಾಲಕರು ಹೇಳಿದ್ದ ಬರದೀನಿ."

"ಈ ಮಾಳೇಶಂದು?"

"ಅವನ ವಡೀಲರು ಹೇಳಿದ್ದ."

ಮಾಳೇಶನ ತಂದೆ ಸತ್ತು ಒಂಬತ್ತು ವರ್ಷವಾಗಿತ್ತು. ಬ್ರಾಹ್ಮಿ ಮತ್ತೆ ಎದ್ದಳು, ಕೇಳಿದಳು, ಕೂಗಿದಳು. 'ಸಾವಕಾಶ, ಮೇಡಂ,' ಎಂದರು ನ್ಯಾಯಾಧೀಶರು. ಕಾಕಾಸಾಹೇಬರು ಆ ಒಂದು ಮಾತಿನಿಂದ ಅಲುಗಲಿಲ್ಲ. ಕೆಳಗಿಳಿದು ಹೋಗುವಾಗ ಅವಳ ಪಕ್ಕದಲ್ಲೇ ಹಾದರು. "ಮಾಫ ಕರಾ, ತಾಯಿ. ಪೆನ್ಶನ್ ಮ್ಯಾಲೆ ಮನಿ ನಡೀತೈತಿ," ಎಂದು ಪಿಸುಗುಟ್ಟಿದರು.

ವಯಸ್ಸಿನ ವರದಿ ಪುಸ್ತಕದ ತಾರೀಖನ್ನೇ ಹಿಡಿಯಿತು. ನವೆಂಬರಿನಲ್ಲಿ ಹೈಕೋರ್ಟು ಗಲ್ಲನ್ನು ಕಾಯಂ ಮಾಡಿತು. ಮುರಗೆಪ್ಪ ಎರಡು ದಿನ ವಾದಿಸಿದ್ದರು. ಮರಕ್ಕೆ ಕಟ್ಟಿದ್ದು, ತಂದೆಯಿಲ್ಲದ ಬಾಲ್ಯ, ಹತ್ತೇ ದಿನದ ಅಂತರ, ಎಲ್ಲ ಹೇಳಿದ್ದರು. ತೀರ್ಪಿನಲ್ಲಿ ಕಾಜಲಳ ವಯಸ್ಸು ನಾಲ್ಕು ಕಡೆ ಬಂದಿತ್ತು. ಅದನ್ನು ಓದಿ ತಪ್ಪೆಂದು ಹೇಳಲು ಬ್ರಾಹ್ಮಿಗೂ ಬಾಯಿ ಬರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಅವಳು, "ಆ ಪುಸ್ತಕ ನಾ ತರಲಿಲ್ಲ ಅಂದ್ರ..." ಎಂದು ಶುರುಮಾಡಿದಳು. ಮುರಗೆಪ್ಪ ಕೈಯೆತ್ತಿ ತಡೆದರು. "ಅದನ್ನ ಕೇಳಬ್ಯಾಡ. ನನ್ನ ಹತ್ರ ಅಂಥಾ ಪ್ರಶ್ನಿ ಹನ್ನೊಂದು ಅದಾವ." ಮುದುಕರು ಮೆಟ್ಟಿಲಿಳಿಯಲು ಅವಳ ತೋಳು ಹಿಡಿದುಕೊಂಡರು.

ಮಲಕವ್ವನಿಗೆ ಹೇಳಲು ಪಾಲಬಾವಿಗೆ ಹೋದಾಗ ಅವಳು ಉಣ್ಣೆ ಹಿಂಜುತ್ತಿದ್ದಳು. ಎಲ್ಲ ಕೇಳಿಸಿಕೊಂಡಳು. "ನಾ ಹಡದ ದಿನ ನನಗ ಗೊತ್ತಿಲ್ಲಂತೇನು ಅವರಿಗೆ?" ಎಂದಳು. ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯಬೇಕೆಂದು ಕೇಳಿದ್ದಳು. ಅದಾದ ಮೇಲೆ ಮಲಕವ್ವ ಜೈಲಿಗೆ ಹೋಗುವುದನ್ನು ಬಿಟ್ಟಳು. ಕಾಲು ಬರುವುದಿಲ್ಲ ಎಂದಳು. ಸಾಮಾನು ಮಾತ್ರ ಬ್ರಾಹ್ಮಿಯ ಕೈಯಲ್ಲಿ ಕಳಿಸತೊಡಗಿದಳು: ಶೇಂಗಾ ಚಟ್ನಿಪುಡಿ, ಒಂದು ಟವೆಲು.

ದಿಲ್ಲಿಗೆ ಅಪೀಲು ಹೋಗಿದೆ. ಅದು ಮುಗಿಯುವ ತನಕ ಗಲ್ಲಿಗೆ ತಡೆ ಸಿಕ್ಕಿದೆ. ಎಷ್ಟು ವರ್ಷವೋ ಯಾರಿಗೂ ಗೊತ್ತಿಲ್ಲ. ಬ್ರಾಹ್ಮಿ ತಿಂಗಳಿಗೊಮ್ಮೆ ಹಿಂಡಲಗಾಕ್ಕೆ ಹೋಗಿ ಇದನ್ನು ಮಾಳೇಶನಿಗೆ ಹೇಳಿ ಬರುತ್ತಿದ್ದಳು. ಮೊದಮೊದಲು ಅವನು ಕುರಿಗಳ ಸುದ್ದಿ ಕೇಳುತ್ತಿದ್ದ. ಒಮ್ಮೆ, "ಆ ಕೂಸು ನನ್ನ ಕನಸಿನಾಗ ನೀರ ಬೇಡತೈತ್ರಿ," ಎಂದ. ಆಮೇಲೆ ಏನೂ ಕೇಳದಾದ, ಏನೂ ಹೇಳದಾದ. ತೂಕ ಇಳಿಯಿತು. ಅವಳು ಬಂದು ಕೂತ ಕೂಡಲೇ ಅವನ ಕೈ ನಡುಗಲು ಶುರುವಾಗುವುದನ್ನು ಅವಳು ಗಮನಿಸಿದ್ದಳು. ಚಳಿ ಎಂದುಕೊಂಡಿದ್ದಳು.

ಈ ಮಾರ್ಚಿನಲ್ಲಿ ಅವನೇ ಬಾಯಿಬಿಟ್ಟ.

"ಬಾಯಾರ, ಒಂದ ಮಾತ ಹೇಳಲ್ರಿ? ಸಿಟ್ಟಾಗಬ್ಯಾಡ್ರಿ."

"ಹೇಳಪ್ಪಾ."

"ವಕೀಲರು ಬಂದಾರ ಅಂತ ಒಳಗ ಒದರ್ತಾರ್ರಿ. ಒದರಿದ ಕೂಡಲೆ ನನಗ, ಗಲ್ಲಿನ ತಾರೀಖ ತಂದಾರ ಅನಸ್ತೈತಿ. ಇಲ್ಲಿಗೆ ನಡಕೊಂಡ ಬರೂ ತನಕ ಜೀವ ಹೋಗಿ ಬರತೈತ್ರಿ. ನೀವು ಹೋದ ಮ್ಯಾಲೆ ಎಂಟ ದಿನ ಅನ್ನ ಸೇರೂದಿಲ್ಲ." ಅವನು ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದುಕೊಂಡ. "ನೀವು ಬರಬ್ಯಾಡ್ರಿ ಇನ್ನ."

ಅವಳು ಎದ್ದಳು. ಅಪೀಲಿನ ಬಗ್ಗೆ ಹೇಳಬೇಕೆಂದಿದ್ದನ್ನು ಹೇಳದೆ, "ಆತು," ಎಂದಳು. ಆ ಒಂದು ಶಬ್ದ ಅವಳ ಗಂಟಲಿನಿಂದ ಅವನಿಗೆ ಕೇಳುವಷ್ಟಾದರೂ ಹೊರಟಿತೋ ಇಲ್ಲವೋ.

ತಿಂಗಳಿಗೊಮ್ಮೆ ಅವಳು ಈಗಲೂ ಹೋಗುತ್ತಾಳೆ. ಚಿಕ್ಕೋಡಿಯಿಂದ ಬೆಳಗಿನ ಬಸ್ಸು ಹಿಡಿದು ಜೈಲಿನ ಬಾಗಿಲಿನವರೆಗೆ ಹೋಗಿ, ಮಲಕವ್ವ ಕೊಟ್ಟ ಗಂಟನ್ನು ಪಹರೆಯವರ ಕೈಗಿಡುತ್ತಾಳೆ. ಯಾರು ತಂದರೆಂದು ಹೇಳಬೇಡಿ ಎಂದು ಅವರಿಗೆ ಪ್ರತಿ ಸಲವೂ ಹೇಳುತ್ತಾಳೆ. ಅವರು ಗಂಟು ಬಿಚ್ಚಿ, ತಡಕಿ, ಮತ್ತೆ ಕಟ್ಟಿ ಒಳಗೆ ಒಯ್ಯುತ್ತಾರೆ. ಅವಳು ರಸ್ತೆ ದಾಟಿ ಮರಳುವ ಬಸ್ಸಿಗೆ ನಿಲ್ಲುತ್ತಾಳೆ.